ಬೀಗ ಹೋಯ್ತು, ಹೆಸರು ಉಳೀತು

ಯುನಿಕ್ಸ್‌ನ 6ನೇ ಆವೃತ್ತಿ ಬಂದದ್ದು 1975ರಲ್ಲಿ. ಅದರ ಕರ್ನಲ್ ಕೋಡಿನಲ್ಲಿ ಡಿಸ್ಕು, ಟರ್ಮಿನಲ್ಲುಗಳ ಡ್ರೈವರ್‌ಗಳೆಲ್ಲ ‘ಡಿಎಂಆರ್’ ಅನ್ನೋ ಫೋಲ್ಡರಿನಲ್ಲಿದ್ದವು. ಅದು ಡೆನಿಸ್ ರಿಚಿಯ ಇನಿಷಿಯಲ್ಲು. ಯಾವ ಡಿಸ್ಕಿಗೆ ಯಾವ ಫಂಕ್ಷನ್ ಕರೀಬೇಕು ಅಂತ ಹೇಳೋಕೆ ಕರ್ನಲ್ ಹತ್ತಿರ ಒಂದು ಟೇಬಲ್ ಇತ್ತು. ಅದರ ಸ್ಟ್ರಕ್ಚರಿನಲ್ಲಿ ‘ಡಿ_ಓಪನ್’, ‘ಡಿ_ಕ್ಲೋಸ್’, ‘ಡಿ_ಸ್ಟ್ರಾಟಜಿ’ ಎಂಬ ಹೆಸರುಗಳು.

ಮುಂದೆ ಆ ‘ಡಿ’ ಯಾಕೆ? ಆಗಿನ ಸಿ ಕಂಪೈಲರ್ ಎಲ್ಲ ಸ್ಟ್ರಕ್ಚರುಗಳ ಸದಸ್ಯರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಇಡ್ತಿತ್ತು. ಒಂದೇ ಕ್ಲಾಸಿನಲ್ಲಿ ಮೂವರು ಮಂಜುನಾಥ ಇದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಕರೀತಾರಲ್ಲ, ಹಾಗೆ. ಸಾಲದ್ದಕ್ಕೆ ಹೆಸರಿನ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರ್ತಿತ್ತು.

ಆದರೆ ‘ಕ್ಲೋಸ್’ ಅನ್ನೋ ಹೆಸರಿನಲ್ಲಿ ಬೇರೆಯದೇ ತೊಡಕಿತ್ತು. ಒಂದು ಡಿವೈಸನ್ನು ಹಲವು ಪ್ರಾಸೆಸ್‌ಗಳು ತೆರೆದುಕೊಂಡಿರಬಹುದು. ಒಬ್ಬೊಬ್ಬರು ಮುಚ್ಚಿದಾಗಲೂ ಡ್ರೈವರಿನ ಕ್ಲೋಸ್ ಓಡೋದಿಲ್ಲ. ಕೊನೆಯವನು ಬಿಟ್ಟಾಗ ಮಾತ್ರ ಓಡುತ್ತೆ. ಹೆಸರು ಅದನ್ನ ಹೇಳೋದೇ ಇಲ್ಲ.

ಲಿನಕ್ಸ್‌ನ ‘ಫೈಲ್_ಆಪರೇಷನ್ಸ್’ನಲ್ಲಿ ಓಪನ್‌ಗೆ ಜೋಡಿಯಾಗಿರೋದು ಕ್ಲೋಸ್ ಅಲ್ಲ, ‘ರಿಲೀಸ್’. ತೆರೆದ ಫೈಲಿನ ಕೊನೆಯ ಹಿಡಿತ ಬಿಟ್ಟಾಗ ಅದನ್ನ ಕರೀತಾರೆ. ಪ್ರತಿ ಸಲ ಮುಚ್ಚಿದಾಗ ಕರೆಯೋದಕ್ಕೆ ಆಮೇಲೆ ‘ಫ್ಲಶ್’ ಬಂತು. ಡ್ರೈವರ್ ಕೆಲಸಕ್ಕೆ ಹೊಸಬನಾಗಿದ್ದಾಗ ನಾನು ‘ರಿಲೀಸ್ ಅಂದ್ರೂ ಕ್ಲೋಸೇ ಬಿಡು’ ಅಂದ್ಕೊಂಡು ಡಿವೈಸ್ ಆಫ್ ಮಾಡೋ ಕೋಡನ್ನ ಅಲ್ಲಿಟ್ಟಿದ್ದೆ. ಅದು ಆಫೇ ಆಗ್ಲಿಲ್ಲ. ಎರಡು ದಿನ ತಲೆ ಕೆರ್ಕೊಂಡ ಮೇಲೆ ಗೊತ್ತಾಯ್ತು, ಚೈಲ್ಡ್ ಪ್ರಾಸೆಸ್ ಒಂದು ಅದನ್ನ ಹಿಡ್ಕೊಂಡೇ ಕೂತಿತ್ತು. ಹೆಸರು ಸರಿಯಾಗೇ ಹೇಳಿತ್ತು, ನಾನೇ ಓದಿರಲಿಲ್ಲ.

ಅದೇ ಸ್ಟ್ರಕ್ಚರಿನಲ್ಲಿ ‘ಅನ್‌ಲಾಕ್ಡ್_ಐಆಕ್ಟಲ್’ ಅಂತ ಇನ್ನೊಂದು ಹೆಸರಿದೆ. ಅದರ ಕಥೆ 1996ರಲ್ಲಿ ಶುರು. ಲಿನಕ್ಸ್ 2.0 ಒಂದಕ್ಕಿಂತ ಹೆಚ್ಚು ಪ್ರಾಸೆಸರ್ ಇರೋ ಯಂತ್ರಗಳಲ್ಲಿ ಓಡೋಕೆ ಶುರುವಾದಾಗ, ಗಲಾಟೆ ಆಗದಿರಲಿ ಅಂತ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಬೀಗ ಹಾಕಿದ್ರು. ಆ ಬೀಗ ಹಿಡಿದುಕೊಂಡೇ ಡ್ರೈವರಿನ ‘ಐಆಕ್ಟಲ್’ ಫಂಕ್ಷನ್ನನ್ನು ಕರೆಯೋದು ವಾಡಿಕೆಯಾಯ್ತು. ಮುಂದೆ ಆ ಬೀಗ ತೆಗೀಬೇಕಾಗಿ ಬಂತು. ಹಳೇ ಹೆಸರನ್ನೇ ಇಟ್ಟು ಬೀಗ ಮಾತ್ರ ತೆಗೆದಿದ್ರೆ? ಎಲ್ಲ ಡ್ರೈವರೂ ಸಲೀಸಾಗಿ ಕಂಪೈಲ್ ಆಗ್ತಿದ್ವು. ಆದ್ರೆ ಬೀಗ ನಂಬಿ ಬರೆದ ಡ್ರೈವರಿಗೆ ಎರಡು ಪ್ರಾಸೆಸರ್ ಒಟ್ಟಿಗೆ ನುಗ್ಗಿ, ಯಾವತ್ತೋ ಒಂದು ದಿನ ಯಾರದ್ದೋ ಡೇಟಾ ಕೆಡ್ತಿತ್ತು.

ಅದಕ್ಕೇ 2005ರಲ್ಲಿ, 2.6.11ರಲ್ಲಿ, ಹೊಸ ಹೆಸರು ಸೇರಿಸಿದ್ರು. ಆ ಹೆಸರನ್ನ ಬಳಸಿದವನು ‘ಬೀಗದ ಜವಾಬ್ದಾರಿ ನನ್ನದು’ ಅಂತ ಸಹಿ ಹಾಕಿದ ಹಾಗೆ. 2010ರಲ್ಲಿ, 2.6.36ರಲ್ಲಿ, ಹಳೇ ಹೆಸರನ್ನೇ ಕಿತ್ತುಹಾಕಿದ್ರು. ಬದಲಾಗದೆ ಉಳಿದಿದ್ದ ಡ್ರೈವರ್‌ಗಳ ಮೇಲೆ ಕಂಪೈಲರೇ ಕೂಗಾಡ್ತು.

2011ರಲ್ಲಿ ಆ ದೊಡ್ಡ ಬೀಗವೂ ಹೋಯ್ತು. ಕೆರೆ ಬತ್ತಿ ಸೈಟಾದ ಮೇಲೂ ಕೆರೆಬೀದಿ ಅನ್ನೋ ಹಾಗೆ ಹೆಸರು ಮಾತ್ರ ಉಳೀತು. ಹೊಸಬರು ‘ಯಾವ ಬೀಗ ಸಾರ್?’ ಅಂತ ಕೇಳ್ತಾರೆ. ಚಂದದ ಹೆಸರೇನಲ್ಲ. ಆದರೆ ಕೆಡಬಹುದಾಗಿದ್ದ ಎಷ್ಟೋ ಡ್ರೈವರ್‌ಗಳನ್ನ ಕಾದ ಹೆಸರು ಅದು.