ಸ್ಕ್ರೂಜ್‌ನ ಖಜಾನೆ ತುಂಬಿಸಿದವನಿಗೆ ಸಿಕ್ಕಿದ್ದು ಪುಟದ ಲೆಕ್ಕದ ಕೂಲಿ

ಇವತ್ತಿನ ಎಪಿಸೋಡ್‌ನಲ್ಲಿ ಕಾಮಿಕ್ಸ್ ಇತಿಹಾಸದಿಂದ ಒಬ್ಬರ ಕಥೆ ಹೇಳ್ತೀನಿ. ಕಥೆಯನ್ನೂ ತಾವೇ ಬರೆದು, ಚಿತ್ರವನ್ನೂ ತಾವೇ ಬಿಡಿಸಿದವರು. ಆದರೆ ಅವರ ಹೆಸರು ಮಾತ್ರ ಪುಸ್ತಕದಲ್ಲಿ ಎಲ್ಲೂ ಇರ್ತಿರಲಿಲ್ಲ.

90ರ ದಶಕದಲ್ಲಿ ದೂರದರ್ಶನದಲ್ಲಿ 'ಡಕ್ ಟೇಲ್ಸ್' ಅಂತ ಕಾರ್ಟೂನ್ ಬರ್ತಿತ್ತು. ಮನೆಯಲ್ಲಿ ಅಣ್ಣನೋ ಅಕ್ಕನೋ ಇದ್ರೆ ಕೇಳಿ ನೋಡಿ. ನಾಣ್ಯದ ರಾಶಿಗೆ ಧುಮುಕಿ ಈಜಾಡೋ ಜಿಪುಣ ಬಾತುಕೋಳಿ ಅಂಕಲ್ ಸ್ಕ್ರೂಜ್ ತಕ್ಷಣ ನೆನಪಾಗ್ತಾನೆ. ಈ ಸ್ಕ್ರೂಜ್‌ನನ್ನು ಹುಟ್ಟಿಸಿದ್ದು ವಾಲ್ಟ್ ಡಿಸ್ನಿ ಅಲ್ಲ, ಕಾರ್ಲ್ ಬಾರ್ಕ್ಸ್.

ಬಾರ್ಕ್ಸ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಒಂದು ರೈತ ಕುಟುಂಬದಲ್ಲಿ. 1935ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿದರು. 1942ರಲ್ಲಿ ಕೆಲಸ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಕೋಳಿ ಸಾಕೋಕೆ ಹೋದರು! ಜೊತೆಗೆ ಒಂದಿಷ್ಟು ಆದಾಯ ಇರಲಿ ಅಂತ, ಡಿಸ್ನಿ ಪಾತ್ರಗಳ ಕಾಮಿಕ್ಸ್ ತರುತ್ತಿದ್ದ ವೆಸ್ಟರ್ನ್ ಪಬ್ಲಿಷಿಂಗ್ ಕಂಪನಿಗೆ ಚಿತ್ರ ಬರೆಯಲು ಒಪ್ಪಿಕೊಂಡರು.

ಕಂಪನಿ ಒಂದು ರೆಡಿ ಕಥೆ ಕಳಿಸಿತು. ಡೊನಾಲ್ಡ್ ಡಕ್ ಮನೆಯ ತರಕಾರಿ ತೋಟಕ್ಕೆ ಕಾಗೆಗಳು ನುಗ್ಗೋ ಕಥೆ. ಬಾರ್ಕ್ಸ್ ಅದನ್ನು ತಿದ್ದಿ ಚಿತ್ರ ಬಿಡಿಸಿದರು. 1943ರಲ್ಲಿ ಅದು ಅಚ್ಚಾಯಿತು. ತಿದ್ದಿದ್ದು ಸಂಪಾದಕರಿಗೆ ಹಿಡಿಸ್ತು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎಲ್ಲ ಕಥೆ ಅವರದ್ದೇ, ಚಿತ್ರವೂ ಅವರದ್ದೇ.

ಇದು ಯಾಕೆ ದೊಡ್ಡ ವಿಷಯ? ಆಗಿನ ಅಮೆರಿಕದ ಕಾಮಿಕ್ಸ್ ಅಂದ್ರೆ ಬಹುಪಾಲು ಕಾರ್ಖಾನೆ ಥರ. ಕಥೆ ಒಬ್ಬರು, ಪೆನ್ಸಿಲ್ ಒಬ್ಬರು, ಇಂಕ್ ಮತ್ತೊಬ್ಬರು, ಅಕ್ಷರ ಇನ್ನೊಬ್ಬರು. ಬಾರ್ಕ್ಸ್ ಹತ್ತಿರ ಅದರಲ್ಲಿ ಬಹುಪಾಲು ಒಂದೇ ಮೇಜಿನ ಮೇಲೆ ನಡೀತಿತ್ತು. ಯಾವ ಜೋಕ್ ಮಾತಲ್ಲಿ ಹೇಳ್ಬೇಕು, ಯಾವುದನ್ನು ಬರೀ ಮುಖಭಾವಕ್ಕೆ ಬಿಡಬೇಕು ಅಂತ ತೀರ್ಮಾನ ಮಾಡೋಕೆ ಇನ್ನೊಬ್ಬರ ಜೊತೆ ಚರ್ಚೆ ಬೇಕಿರಲಿಲ್ಲ. 1949ರ ಒಂದು ಕಥೆಯಲ್ಲಿ ಡೊನಾಲ್ಡ್ ಮತ್ತು ಮಕ್ಕಳು ಚೌಕಾಕಾರದ ಮೊಟ್ಟೆ ಹುಡುಕಿಕೊಂಡು ಆಂಡಿಸ್ ಪರ್ವತಕ್ಕೆ ಹೋಗ್ತಾರೆ. ಮೊಟ್ಟೆ ಚೌಕ, ಕೋಳಿಯೂ ಚೌಕ. ಬರೆಯೋ ಕೈ, ಬಿಡಿಸೋ ಕೈ ಒಂದೇ ಆಗಿದ್ದಾಗ ಇಂಥ ಹುಚ್ಚು ಐಡಿಯಾ ಹಾಳೆ ಮೇಲೆ ಸಲೀಸಾಗಿ ಇಳಿಯುತ್ತೆ.

1947ರ ಕ್ರಿಸ್‌ಮಸ್ ಕಥೆಯಲ್ಲಿ ಸ್ಕ್ರೂಜ್ ಬಂದ. ಆಮೇಲೆ ಅವನ ದುಡ್ಡಿನ ಗೋದಾಮು, ಅದನ್ನು ದೋಚೋಕೆ ಹೊಂಚು ಹಾಕೋ ಬೀಗಲ್ ಬಾಯ್ಸ್, ವಿಜ್ಞಾನಿ ಗೈರೋ. ಡಕ್‌ಬರ್ಗ್ ಅನ್ನೋ ಊರನ್ನೇ ಅವರು ಕಟ್ಟಿದರು.

ಆದರೆ ಕಾಮಿಕ್ಸ್ ಮೇಲೆ ಇರ್ತಿದ್ದ ಹೆಸರು ಒಂದೇ: ವಾಲ್ಟ್ ಡಿಸ್ನಿ. ಬಾರ್ಕ್ಸ್‌ಗೆ ಸಹಿ ಹಾಕೋ ಅವಕಾಶ ಇರಲಿಲ್ಲ.

ಆದರೂ ಓದುಗರು ಕಂಡುಹಿಡಿದುಬಿಟ್ಟರು! ಬಾತುಕೋಳಿ ಕಥೆಗಳನ್ನು ಬೇರೆಯವರೂ ಬರೀತಿದ್ರು. ಆದರೆ ಕಥೆ, ಚಿತ್ರ ಎರಡರಲ್ಲೂ ಒಂದೇ ಮನಸ್ಸು ಕಾಣೋದು ಇವರದ್ದರಲ್ಲಿ. ಹೆಸರು ಗೊತ್ತಿಲ್ಲದ ಅಭಿಮಾನಿಗಳು ಅವರನ್ನು 'ಒಳ್ಳೇ ಬಾತುಕೋಳಿ ಕಲಾವಿದ' ಅಂತ ಕರೀತಿದ್ರು. 1960ರಲ್ಲಿ ಒಬ್ಬ ಓದುಗ ಹೆಸರು, ವಿಳಾಸ ಪತ್ತೆಮಾಡಿ ಪತ್ರ ಬರೆದ. ಯಾರೋ ಗೆಳೆಯರು ತಮಾಷೆ ಮಾಡ್ತಿದ್ದಾರೆ ಅಂತ ಬಾರ್ಕ್ಸ್‌ಗೆ ಮೊದಲು ಅನುಮಾನವಂತೆ. ಆಗ ಅವರಿಗೆ ಹತ್ತಿರ ಹತ್ತಿರ 60 ವರ್ಷ.

ಈಗ ನಾನು ಓದಿದ ಬಿ.ಕಾಂ. ಲೆಕ್ಕಕ್ಕೆ ಬರೋಣ. ಬಾರ್ಕ್ಸ್‌ಗೆ ಸಿಗ್ತಿದ್ದದ್ದು ಇಷ್ಟು ಪುಟಕ್ಕೆ ಇಷ್ಟು ಅಂತ ಕೂಲಿ. ರಾಯಲ್ಟಿ ಇಲ್ಲ. 50ರ ದಶಕದ ಆರಂಭದಲ್ಲಿ ಅವರ ಕಥೆಗಳಿದ್ದ ಮಾಸಿಕ ತಿಂಗಳಿಗೆ 30 ಲಕ್ಷ ಪ್ರತಿ ಮುಟ್ಟಿದರೂ ಪುಟದ ಲೆಕ್ಕ ಪುಟದ್ದೇ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಪಾಠ ಇದೆ. ಕಣ್ಣಿಗೆ ಕಾಣದ, ಆದರೆ ಬೆಲೆ ಇರೋ ಆಸ್ತಿ. ಆ ಆಸ್ತಿಯನ್ನು ಬಾರ್ಕ್ಸ್ ಸೃಷ್ಟಿ ಮಾಡ್ತಿದ್ರು, ಅದು ಜಮೆ ಆಗ್ತಿದ್ದದ್ದು ಬೇರೆಯವರ ಖಾತೆಗೆ. ಜಗತ್ತಿನ ಅತಿ ಶ್ರೀಮಂತ ಬಾತುಕೋಳಿಯನ್ನು ಬಿಡಿಸಿದವರ ಪರಿಸ್ಥಿತಿ ಇದು.

ಕಾಲವೇ ಹಾಗಿತ್ತು ಅಂತ ಹೇಳಿ ಮುಗಿಸೋಕೆ ಆಗಲ್ಲ. 1940ರಲ್ಲಿ 'ದಿ ಸ್ಪಿರಿಟ್' ಶುರು ಮಾಡಿದ ವಿಲ್ ಐಸ್ನರ್, ಪಾತ್ರದ ಮಾಲೀಕತ್ವ ತನ್ನದೇ ಅಂತ ಒಪ್ಪಂದ ಮಾಡಿಕೊಂಡಿದ್ದರು. ಅಂದ್ರೆ ಕೇಳೋ ದಾರಿ ಆಗಲೂ ಇತ್ತು. ಆದರೆ ಐಸ್ನರ್ ಸ್ವಂತ ಸ್ಟುಡಿಯೋ ನಡೆಸಿದ್ದವರು, ಪಾತ್ರವೂ ಅವರದ್ದೇ. ಬಾರ್ಕ್ಸ್ ಬಾಡಿಗೆ ಮನೆಯಲ್ಲಿ ಮಹಡಿ ಮೇಲೆ ಮಹಡಿ ಕಟ್ಟಿದವರು.

1966ರಲ್ಲಿ ಬಾರ್ಕ್ಸ್ ನಿವೃತ್ತರಾದರು. ಅಷ್ಟರಲ್ಲಿ ಮಾಡಿದ್ದು 500ಕ್ಕೂ ಹೆಚ್ಚು ಕಥೆ. 1971ರಲ್ಲಿ, ತಾವೇ ಬೆಳೆಸಿದ ಬಾತುಕೋಳಿಗಳ ತೈಲಚಿತ್ರ ಬರೆದು ಮಾರೋಕೆ ಡಿಸ್ನಿಯಿಂದ ಅನುಮತಿ ಸಿಕ್ಕಿತು. ಹೌದು, ಅನುಮತಿ ಬೇಕಿತ್ತು. 2000ದಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೇಳ್ತಿರೋ ನಿಮ್ಮಲ್ಲಿ ಫೋನ್‌ನಲ್ಲೇ ಚಿತ್ರ ಬಿಡಿಸಿ, ಕಥೆ ಬರೆದು ಹಾಕೋರು ಇರ್ತೀರಿ. ನಾಳೆ ಯಾರಾದರೂ ಆ ಪಾತ್ರ ಕೇಳಿಕೊಂಡು ಬಂದರೆ ಎಷ್ಟು ಕೊಡ್ತೀರಿ ಅಂತ ಖಂಡಿತ ಕೇಳಿ. ಅದರ ಜೊತೆಗೆ, ಪಾತ್ರ ಯಾರ ಹೆಸರಲ್ಲಿ ಉಳಿಯುತ್ತೆ ಅಂತಲೂ ಕೇಳಿ. ಸಹಿ ಹಾಕೋ ಮುಂಚೆ.

ಮುಂದಿನ ವಾರ ಸಿಗೋಣ.