‘ಬೇಡ’ ಎಂಬ ಮಾತಿನ ಚರಿತ್ರೆ

ದೂರವಾಣಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲವನ್ನು ನನ್ನ ತಲೆಮಾರಿನವರು ಮರೆತಿರಲಾರರು. ಅಂದು ಗಂಟೆ ಬಾರಿಸಿದರೆ ಮನೆಮಂದಿಯೆಲ್ಲ ಓಡಿಬರುತ್ತಿದ್ದರು. ಇಂದು ಗುರುತಿಲ್ಲದ ಸಂಖ್ಯೆ ಕಂಡರೆ ಕೈ ಹಿಂಜರಿಯುತ್ತದೆ. ಸಾಲ ಬೇಕೇ, ನಿವೇಶನ ಬೇಕೇ ಎಂದು ಕೇಳುವವರಿಗೆ ‘ಬೇಡ’ ಎಂದು ಮುಂಚಿತವಾಗಿಯೇ ತಿಳಿಸುವ ಹಕ್ಕು ನಮಗೆ ಹೇಗೆ ಬಂತು? ಆ ಚರಿತ್ರೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನ ಹೊರವಲಯಕ್ಕೂ ಸೇರಿದ್ದು.

ಅಮೆರಿಕದಲ್ಲಿ 2003ರ ಅಕ್ಟೋಬರ್ 1ರಂದು ‘ಕರೆ ಮಾಡಬೇಡಿ’ ಎಂಬ ರಾಷ್ಟ್ರೀಯ ಪಟ್ಟಿ ಜಾರಿಗೆ ಬಂದಿತು. ಅಷ್ಟರಲ್ಲಾಗಲೇ ಸುಮಾರು 5 ಕೋಟಿ ಸಂಖ್ಯೆಗಳು ಅದರಲ್ಲಿ ಸೇರಿದ್ದವು. ಹೊರದೇಶದಿಂದ ಅಲ್ಲಿಗೆ ಮಾಡುವ ಮಾರಾಟದ ಕರೆಗಳಿಗೂ ನಿಯಮ ಅನ್ವಯಿಸಿತು. ಮಾರಾಟಗಾರರು ಮೂರು ತಿಂಗಳಿಗೊಮ್ಮೆ, 2005ರಿಂದ 31 ದಿನಗಳಿಗೊಮ್ಮೆ, ತಮ್ಮ ಪಟ್ಟಿಯನ್ನು ಅದರೊಡನೆ ತಾಳೆ ನೋಡಬೇಕಿತ್ತು. ಆಗ ವೈಟ್‌ಫೀಲ್ಡಿನ ಕಾಲ್ ಸೆಂಟರೊಂದರಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳುತ್ತಿದ್ದ: ಪಟ್ಟಿಯಲ್ಲಿರುವ ಅಮೆರಿಕನ್ನನಿಗೆ ಅಪ್ಪಿತಪ್ಪಿಯೂ ಕರೆ ಹೋಗಬಾರದೆಂದು ಅವರಿಗೆ ಕಟ್ಟಪ್ಪಣೆಯಿತ್ತಂತೆ. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಅವನದೇ ಮೊಬೈಲು ಸಾಲ ಕೊಡುವವರ ಕರೆಗಳಿಂದ ಬಡಿದುಕೊಳ್ಳುತ್ತಿತ್ತಂತೆ. ಏಕೆಂದರೆ ನಮ್ಮಲ್ಲಿ ಅಂತಹ ರಾಷ್ಟ್ರೀಯ ಪಟ್ಟಿಯೇ ಇರಲಿಲ್ಲ.

ನಮ್ಮಲ್ಲಿ 2003ರ ಮೇ 1ರಿಂದ ಮೊಬೈಲಿಗೆ ಬರುವ ಕರೆ ಉಚಿತವಾಯಿತು. ದರಗಳೂ ಇಳಿದವು. ಜನಸಾಮಾನ್ಯರಿಗೆ ಇದು ವರವಾದಂತೆ ಮಾರಾಟಗಾರರಿಗೂ ವರವಾಯಿತು. ಈ ಕಿರಿಕಿರಿಯ ವಿರುದ್ಧ ವಕೀಲ ಹರ್ಷ ಪಾಠಕ್ ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2005ರಲ್ಲಿ ನ್ಯಾಯಾಲಯ ನೋಟಿಸು ನೀಡಿತು. 2007ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮೊದಲ ನಿಯಮಾವಳಿ ಹೊರಡಿಸಿತು. ನಮಗೂ ಒಂದು ಪಟ್ಟಿ ದೊರೆಯಿತು.

ಆದರೆ ಪಟ್ಟಿಯನ್ನು ತೆರೆದು ನೋಡುವವನು ಪ್ರಾಮಾಣಿಕ ಮಾತ್ರ. 2010ರ ನಿಯಮಾವಳಿ ನೋಂದಾಯಿತ ಮಾರಾಟಗಾರರಿಗೆ 140ರಿಂದ ಆರಂಭವಾಗುವ ಸಂಖ್ಯೆ ಕೊಟ್ಟಿತು, ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಮಾರಾಟದ ಕರೆ ನಿಷೇಧಿಸಿತು, ದಂಡವನ್ನು 25,000 ರೂಪಾಯಿಯಿಂದ 2.5 ಲಕ್ಷದವರೆಗೆ ಏರಿಸಿತು. ನೋಂದಣಿಯನ್ನೇ ಮಾಡಿಸದವರು ಸಾಮಾನ್ಯ ಹತ್ತಂಕಿಯ ಸಂಖ್ಯೆಯಿಂದ ಕರೆಯುತ್ತಲೇ ಹೋದರು. 2018ರಲ್ಲಿ ನಿಯಮಾವಳಿಯನ್ನು ಮತ್ತೆ ಹೊಸದಾಗಿ ಬರೆಯಲಾಯಿತು. 2024ರ ಆಗಸ್ಟ್‌ನಲ್ಲಿ ನೋಂದಣಿಯಿಲ್ಲದವರ ಸಂಪರ್ಕ ಕಡಿಯಲು ಆದೇಶವಾಯಿತು. ಕೆಲವೇ ವಾರಗಳಲ್ಲಿ 2.75 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿದವು.

2025ರ ಫೆಬ್ರುವರಿಯ ತಿದ್ದುಪಡಿ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ನೋಂದಣಿಯಿಲ್ಲದವರು ಕಾಡಿದರೆ, ನಮ್ಮ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೂ ಏಳು ದಿನಗಳೊಳಗೆ ದೂರು ಕೊಡಬಹುದು. ಹತ್ತು ದಿನಗಳಲ್ಲಿ ಐದು ದೂರು ಬಂದರೆ ಕ್ರಮಕ್ಕೆ ದಾರಿಯಾಗುತ್ತದೆ. ಒಪ್ಪಿಗೆ ಹಿಂಪಡೆದವರನ್ನು 90 ದಿನ ಮತ್ತೆ ಕೇಳುವಂತಿಲ್ಲ. ಹೊರೆ ಕಾಡಿಸಿಕೊಂಡವನ ಹೆಗಲಿನಿಂದ ಕಾಡಿದವನ ಹೆಗಲಿಗೆ ಜಾರುತ್ತಿದೆ.

2010ರ ನಿಯಮಾವಳಿಯಲ್ಲಿ ಒಂದು ಕೊರತೆಯಿತ್ತು. ರಾತ್ರಿ ನಿದ್ರಿಸುವವರಿಗಷ್ಟೇ ಅದರಲ್ಲಿ ವೇಳೆಯ ರಕ್ಷಣೆಯಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವನಿಗೆ ಬೆಳಗಿನ 9 ಗಂಟೆಯೇ ನಡುರಾತ್ರಿ. ಮನೆಯಿಂದ ತುರ್ತು ಕರೆ ಬಂದೀತೆಂದು ಅವನು ಫೋನನ್ನು ಆರಿಸಿಡಲಾರ. ಅವನಿಗೆ ಈ ಪಟ್ಟಿಯೇ ಬಾಗಿಲ ಚಿಲಕ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಆ ದೊಡ್ಡ ಹಕ್ಕಿನ ಚಿಕ್ಕ, ದಿನಬಳಕೆಯ ರೂಪವೇ 1909 ಎಂಬ ಸಂಖ್ಯೆ. ಓದುಗ ಮಿತ್ರರೇ, ಅದನ್ನು ಬಳಸಿರಿ. ನಿಮ್ಮದೇ ಅಂಗಡಿಯೋ ವ್ಯವಹಾರವೋ ಇದ್ದರೆ, ಬೇಡವೆಂದವರಿಗೆ ಮತ್ತೆ ಕರೆ ಮಾಡಬೇಡಿರಿ. ಕಡಲಾಚೆಯ ಅಪರಿಚಿತನ ‘ಬೇಡ’ಕ್ಕೆ ತಲೆಬಾಗಿದ ಊರು, ಪಕ್ಕದ ಮನೆಯವನ ‘ಬೇಡ’ಕ್ಕೂ ಬೆಲೆ ಕೊಡಬೇಡವೇ?