ಹೆಸರು ಮತ್ತು ಗೆರೆ: ಶಾಂಪೇನಿನಿಂದ ಕೊಲ್ಹಾಪುರಿಯವರೆಗೆ

ಹಾತಕಣಂಗಲೆಯ ಸುತ್ತ ಕಬ್ಬು ಬೆಳೆಯುವ ನಮ್ಮವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಹಿಂಡಿದ ಕಬ್ಬಿನ ಹಾಲನ್ನು ಹೊತ್ತು ಮೀರಿ ಇಟ್ಟರೆ ಅದು ಹುಳಿಯೆದ್ದು ನೊರೆಯಾಡುತ್ತದೆ. ಗಾಳಿಯಲ್ಲಿರುವ ಹುದುಗು ಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುವುದೇ ಇದಕ್ಕೆ ಕಾರಣ. ಫ್ರಾನ್ಸಿನ ಶಾಂಪೇನ್ ಪ್ರಾಂತದ ಹೆಸರಾಂತ ನೊರೆಮದ್ಯದ ಮೂಲವೂ ಇದೇ. ಅಲ್ಲಿನ ಚಳಿಗೆ ದ್ರಾಕ್ಷಾರಸದ ಹುದುಗುವಿಕೆ ಅರ್ಧಕ್ಕೆ ನಿಂತು, ವಸಂತದಲ್ಲಿ ಮತ್ತೆ ಶುರುವಾಗುತ್ತಿತ್ತು.

ದೊಂ ಪೆರಿನ್ಯೋಂ ಎಂಬ ಸನ್ಯಾಸಿ ಇದನ್ನು ಕಂಡುಹಿಡಿದನೆಂಬುದು ದಂತಕಥೆ. 1668ರಿಂದ ಓವಿಲೇರ್ ಮಠದ ಉಗ್ರಾಣ ನೋಡಿಕೊಂಡ ಆತ ದ್ರಾಕ್ಷಿಗಳನ್ನು ಹದವರಿತು ಬೆರೆಸುವುದರಲ್ಲಿ ನಿಪುಣನಾಗಿದ್ದ. ಆದರೆ ಅದಕ್ಕೂ ಮೊದಲೇ, 1662ರಲ್ಲಿ, ಲಂಡನ್ನಿನ ಕ್ರಿಸ್ಟೋಫರ್ ಮೆರೆಟ್, ವ್ಯಾಪಾರಿಗಳು ಮದ್ಯಕ್ಕೆ ಸಕ್ಕರೆ, ಕಾಕಂಬಿ ಬೆರೆಸಿ ನೊರೆ ಬರಿಸುತ್ತಿದ್ದುದನ್ನು ರಾಯಲ್ ಸೊಸೈಟಿಗೆ ತಿಳಿಸಿದ್ದನು. ಇಂದಿಗೂ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಗೂ ಹುದುಗು ಸೇರಿಸಿ, ಸೀಸೆಯೊಳಗೇ ಎರಡನೆಯ ಬಾರಿ ಹುದುಗಿಸುತ್ತಾರೆ. ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇಡಲೇಬೇಕು.

ಮದ್ಯದ ಪ್ರಚಾರ ಈ ಲೇಖನದ ಉದ್ದೇಶವಲ್ಲ. ಆದರೂ ಊಟದೊಡನೆ ಅದರ ಹೊಂದಿಕೆ ತಿಳಿಯತಕ್ಕದ್ದೇ. 'ಬ್ರೂಟ್' ಎಂಬ ಒಣ ಬಗೆಯ ಹುಳಿಯೂ ಗುಳ್ಳೆಯೂ ಎಣ್ಣೆ, ಉಪ್ಪುಗಳ ಜಿಡ್ಡನ್ನು ನಾಲಿಗೆಯಿಂದ ತೊಳೆಯುತ್ತವೆ. ಹಾಗಾಗಿ ಕರಿದ ಮೀನಿಗೆ, ಹಪ್ಪಳಕ್ಕೆ ಅದು ಒಗ್ಗುತ್ತದೆ. ಕೊಲ್ಹಾಪುರದ ಬಿಳಿ ರಸ್ಸಾಕ್ಕೂ ಒಪ್ಪೀತು. ಕೆಂಪು ರಸ್ಸಾದೊಡನೆ ಮಾತ್ರ ಗುಳ್ಳೆಯೂ ಮದ್ಯಸಾರವೂ ಖಾರದ ಉರಿಯನ್ನು ಹೆಚ್ಚಿಸುತ್ತವೆ. ಹೋಳಿಗೆಯೊಡನೆ ಬ್ರೂಟ್ ಬರಿಯ ಹುಳಿಯೆನಿಸುತ್ತದೆ. ಅಲ್ಲಿ ಸಿಹಿಯಾದ 'ದೆಮಿ-ಸೆಕ್' ಬೇಕು.

ಈ ರುಚಿ ಸುಣ್ಣಕಲ್ಲಿನ ಆ ನೆಲದ್ದು, ಆದ್ದರಿಂದ ಹೆಸರೂ ಆ ನೆಲದ್ದೇ ಎಂಬುದು ಅಲ್ಲಿಯ ಬೆಳೆಗಾರರ ವಾದ. ಆದರೆ ನೆಲ ಎಲ್ಲಿಗೆ ಮುಗಿಯುತ್ತದೆ? 1908ರಲ್ಲಿ ಸರಕಾರ ಗೆರೆ ಎಳೆದು, ಮಾರ್ನ್ ಜಿಲ್ಲೆಯನ್ನು ಒಳಗಿಟ್ಟು ಓಬ್ ಜಿಲ್ಲೆಯನ್ನು ಹೊರಗಿಟ್ಟಿತು. ಶಾಂಪೇನ್ ದೊರೆಗಳ ಹಳೆಯ ರಾಜಧಾನಿ ತ್ರ್ವಾ ಇದ್ದುದೇ ಓಬಿನಲ್ಲಿ! ಅಲ್ಲಿಯ ರೈತರು ಬೀದಿಗಿಳಿದರು. ಗೆರೆ ಅಳಿಸುವ ಮಾತು ಬಂದೊಡನೆ ಮಾರ್ನಿನವರು ಕೆರಳಿ, 1911ರ ಏಪ್ರಿಲ್‌ನಲ್ಲಿ ಆಯಿ ಪಟ್ಟಣದ ಮದ್ಯದ ಮಳಿಗೆಗಳಿಗೆ ಬೆಂಕಿಯಿಟ್ಟರು, ಸೈನ್ಯ ಬರಬೇಕಾಯಿತು. ಅದೇ ವರ್ಷ ಓಬಿಗೆ 'ಎರಡನೆಯ ವಲಯ' ಎಂಬ ಅರೆಮನಸ್ಸಿನ ಪಟ್ಟ ಸಿಕ್ಕಿತು. ಪೂರ್ಣ ಹಕ್ಕು ಬಂದದ್ದು 1927ರಲ್ಲಿ.

ಆ ಹೆಸರಿನ ಬಿಗಿ ಇಂದು ಎಷ್ಟೆಂದರೆ, ಶಾಂಪೇನ್ ತಯಾರಿಸುವ ಮೋಎ ಹೆನ್ನೆಸಿ ಕಂಪನಿಯೇ 2013ರಲ್ಲಿ ನಮ್ಮ ನಾಸಿಕದ ದ್ರಾಕ್ಷಿಯಿಂದ ನೊರೆಮದ್ಯ ಮಾರಾಟಕ್ಕಿಳಿದಾಗ ಅದನ್ನು 'ಶಾಂದೋಂ' ಎಂದೇ ಕರೆಯಿತು, ಶಾಂಪೇನ್ ಎನ್ನಲಿಲ್ಲ.

ನಮ್ಮ ಸೀಮೆಯಲ್ಲೂ ಇಂತಹ ಹೆಸರೊಂದಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ಅದು ಒಂದೇ ರಾಜ್ಯದ ಪಾಲಾಗಲಿಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳಿಗೂ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅದು ಸಲ್ಲುತ್ತದೆ. ಹೆಸರು ಕೊಲ್ಹಾಪುರದ್ದು, ಅದನ್ನು ಹೊಲಿದ ಕೈಗಳು ಗೆರೆಯ ಎರಡೂ ಕಡೆಯವು. ಓಬಿನ ರೈತರು 19 ವರ್ಷ ಕಾದು ಪಡೆದದ್ದನ್ನು ನಮ್ಮ ಕುಶಲಕರ್ಮಿಗಳಿಗೆ ಕಾನೂನು ಮೊದಲ ದಿನವೇ ಒಪ್ಪಿತು. ಗಡಿಯಲ್ಲಿ ಬದುಕುವ ನಾವು ನೆನಪಿಡಬೇಕಾದದ್ದು ಇದನ್ನೇ: ಗೆರೆ ಆಡಳಿತಕ್ಕೆ ಬೇಕು, ಆದರೆ ದುಡಿಮೆಯ ಹೆಸರು ದುಡಿದವರೆಲ್ಲರದು.